ಯಂತ್ರದ ಬಾಯಿ ಮುಂದಿನ ಚಪ್ಪಲಿ

ಕಂದು ಬಣ್ಣದವು ಎಂದು ನೆನಪು. ಅಥವಾ ಮಣ್ಣು ಮೆತ್ತಿದ್ದರಿಂದ ಹಾಗೆ ಕಂಡವೋ ಏನೋ. ಹೇಳಿ ಹೇಳಿ ಈ ನೆನಪನ್ನು ನಾನೇ ಸವೆಸಿಬಿಟ್ಟಿದ್ದೇನೆ, ಆದ್ದರಿಂದ ನನ್ನನ್ನು ಪೂರ್ತಿ ನಂಬಬೇಡಿ. ಇಂಥದ್ದನ್ನು ಹೇಳುವವರನ್ನು ನಾನೂ ನಂಬುತ್ತಿರಲಿಲ್ಲ.

ಕಾರ್ಖಾನೆಗಳು ಕೆಲಸಗಾರರ ಜೀವವನ್ನು ಎಷ್ಟು ಕಾಯುತ್ತವೆ ಎಂದು ನೋಡಿ ಅಂಕ ಕೊಡುವುದು ನನ್ನ ಕೆಲಸ. ಅವತ್ತು ಹಿಂದವಾಡಿಯ ಮನೆಯಿಂದ ಖಾನಾಪುರದ ಹತ್ತಿರದ ಒಂದು ಹಂಚಿನ ಕಾರ್ಖಾನೆಗೆ ಹೋಗಿದ್ದೆ. ಮ್ಯಾನೇಜರ್ ಗೇಟಿನಲ್ಲೇ ಮುಖ ಗಂಟಿಕ್ಕಿಕೊಂಡು ನಿಂತಿದ್ದ.

"ಬರ್ರಿ ಸಾಹೇಬ್ರ. ತಪ್ಪು ಹುಡುಕಾಕ ಬಂದೀರಿ, ಹುಡುಕ್ರಿ. ಚಾ ನಿಮ್ಮ ಮಾರ್ಕ್ಸ್ ನೋಡಿ ತರಸೂಣು."

ಕೆಲಸಗಾರರೂ ನನ್ನತ್ತ ನೋಡಲಿಲ್ಲ. ಎಲ್ಲರ ಕಾಲಲ್ಲೂ ಹೊಸ ಬೂಟು, ಕಚ್ಚುತ್ತಿದ್ದವೇನೋ, ಕುಂಟುತ್ತಿದ್ದರು.

ಮಣ್ಣು ಕಲಸುವ ದೊಡ್ಡ ಯಂತ್ರ ಊಟದ ಹೊತ್ತೆಂದು ನಿಂತಿತ್ತು. ಮೈಮೇಲೆ ಖಂಡೇನವಮಿಯ ಆಯುಧಪೂಜೆಗೆ ಹಾಕಿದ, ಈಗ ಒಣಗಿದ ಹಾರ. ಅದರ ಬಾಯಿಯ ಮುಂದೆ, ನಡೆಯುವ ದಾರಿಗೆ ಅಡ್ಡವಾಗಿ, ಒಂದು ಜೊತೆ ಹಳೆಯ ಚಪ್ಪಲಿ. ಅದಕ್ಕೂ ನಾನು ಅಂಕ ಕಳೆಯುತ್ತೇನೆ. ಯಂತ್ರ ನಡೆಸುವ ರುದ್ರಪ್ಪ ಉಂಡು ಬಂದು ಸ್ವಿಚ್ಚಿಗೆ ಕೈ ಹಾಕಿದ.

"ಮೊದಲು ಆ ಚಪ್ಪಲಿ ತೆಗೀರಿ!" ಎಂದು ಕೂಗಿದೆ.

ರುದ್ರಪ್ಪನ ಕೈ ನಿಂತಿತು. "ಯಾವ ಚಪ್ಪಲಿರೀ?"

"ನೆಪ ಹುಡುಕಾಕತ್ತಾರ," ಎಂದ ಮ್ಯಾನೇಜರ್. "ನೀ ಚಾಲೂ ಮಾಡಲೇ."

ರುದ್ರಪ್ಪ ಮಾಡಲಿಲ್ಲ. ಓಡಿಹೋಗಿ ಬಾಯಿಯೊಳಗೆ ಬಗ್ಗಿ, "ಯಾರದೀರಿ ಒಳಗ?" ಎಂದ.

"ನಾನಲೇ, ಮಾರುತಿ. ಮಣ್ಣು ಕೆರಿಯಾಕ ಬಿಡ್ತಿಯೋ ಇಲ್ಲೋ?"

ಹೊರಬಂದವನ ಕಾಲಲ್ಲಿ ಹೊಸ ಬೂಟು ಇದ್ದವು. ರುದ್ರಪ್ಪ ನನ್ನತ್ತ ತಿರುಗಿದ.

"ಮಶೀನ್ ನಮಗ ದೇವರ್ರೀ," ಎಂದ ನನ್ನನ್ನು ನುಂಗುವಂತೆ ನೋಡುತ್ತ. "ಒಳಗ ಇಳಿಯಾವ ಕಾಲಾಗಿಂದು ಬಿಚ್ಚಿಟ್ಟ ಇಳೀತಾನ. ಬಾಯಿ ಮುಂದ ಏನಿಲ್ಲ ಅಂದ್ರ ಒಳಗ ಯಾರಿಲ್ಲ ಅಂತ ಚಾಲೂ ಮಾಡ್ತೀನಿ. ಇವತ್ತ ಬೂಟು ಬಿಚ್ಚಿದವರ ಪಗಾರ ಕಟ್ ಅಂದಾರ. ನಿಮ್ಮ ಸಲುವಾಗಿ!"

ಮಾರುತಿ ಬೂಟುಗಳನ್ನು ಕಿತ್ತು ನನ್ನ ಕಾಲ ಬಳಿ ಒಗೆದ. "ತಗೋರಿ, ನೀವ ಹಾಕ್ಕೊಂಡ ಇಳೀರಿ."

"ಆ ಚಪ್ಪಲಿ ತೋರಸ್ರಿ ನೋಡೂಣು," ಎಂದ ಮ್ಯಾನೇಜರ್. ಅಲ್ಲಿ ಹಸಿ ಮಣ್ಣಷ್ಟೇ ಇತ್ತು. ಯಾರೂ ಅವನ್ನು ನೋಡಿರಲಿಲ್ಲ, ಯಾರೂ ತೆಗೆದಿರಲಿಲ್ಲ.

ಒಳಗೆ ಜನ ಇಳಿದಾಗ ಸ್ವಿಚ್ಚಿಗೆ ಹಾಕಲು ಬೀಗವಿಲ್ಲವೆಂದು ಬರೆದು ಸೊನ್ನೆ ಕೊಟ್ಟೆ. ಚಪ್ಪಲಿಯ ವಿಷಯ ಬರೆಯಲಿಲ್ಲ. ಚಹವಂತೂ ಬರಲಿಲ್ಲ.

ಈಗ ಅನಿಸುತ್ತದೆ: ರುದ್ರಪ್ಪನ ಮಾತು ಕೇಳಿದ ಮೇಲೆ ಆ ಚಪ್ಪಲಿಗಳನ್ನು ನನ್ನ ನೆನಪೇ ಅಲ್ಲಿ ತಂದಿಟ್ಟಿರಬಹುದು. ಆದರೆ ನಾನು ಕೂಗಿದ್ದು ಅದಕ್ಕೂ ಮೊದಲು. ಮಾರುತಿ ಬದುಕಿರುವುದೇ ಅದರಿಂದ. ಹಾಗಾದರೆ ಏನನ್ನು ನೋಡಿ ಕೂಗಿದೆ? ನನಗೆ ಗೊತ್ತಿಲ್ಲ.