ಮುಟ್ಟದೆ ಬೀಳಬೇಕಾದ ಹನಿ

ಓಣಿಯ ತಿರುವಿನಲ್ಲಿ, ಕ್ಷೌರದಂಗಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತ ಒಂದು ಗಡಿಯಾರದಂಗಡಿ. ಒಳಗೆ ಒಬ್ಬರು ಆಕಳಿಸಿದರೆ ಇನ್ನೊಬ್ಬರು ತಲೆ ಬಗ್ಗಿಸಬೇಕು, ಅಷ್ಟು ಇಕ್ಕಟ್ಟು. ಅದರ ಒಡತಿಯನ್ನು ಓಣಿಯವರೆಲ್ಲ ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಪಕ್ಕದ ಕ್ಷೌರದವನಿಗೂ ಅವಳು ಅಕ್ಕನೇ.

ಅಕ್ಕನದು ಕೆದಕುವ ಬುದ್ಧಿ. ನಿಂತುಹೋದ ವಸ್ತು ಕಂಡರೆ, ಅದು ಯಾಕೆ ನಿಂತಿತು ಎಂದು ತಿಳಿಯುವವರೆಗೆ ಅವಳಿಗೆ ಊಟ ಸೇರದು. ಮದುವೆಯಾಗಿ ಬಂದ ಹೊಸದರಲ್ಲೇ ಮಾವನ ಅಲಾರಂ ಗಡಿಯಾರವನ್ನು ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದಳು. ಅತ್ತೆ ಎದೆ ಹಿಡಿದುಕೊಂಡರೆ ಮಾವ ಮಾತ್ರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, "ಬಿಚ್ಚೋಕೆ ಕೋತಿಗೂ ಬರುತ್ತೆ ಮಗಳೇ. ಕೂಡಿಸು, ನೋಡೋಣ" ಎಂದರು. ಅವಳು ಕೂಡಿಸಿದಳು. ಒಂದು ಚಕ್ರ ಮಿಕ್ಕಿತು. ಮಾರನೆಯ ದಿನದಿಂದ ಮಾವ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗತೊಡಗಿದರು.

ಮೊದಲ ಪಾಠವೇ ಎಣ್ಣೆಯದು. "ಗಡಿಯಾರಕ್ಕೆ ಎಣ್ಣೆ ಹಾಕೋದಲ್ಲ ಮಗಳೇ, ಮುಟ್ಟಿಸೋದು. ಮೇಲಿಂದ ಬಿಟ್ಟ ಹನಿ ಅದಕ್ಕೆ ಹೊಳೆ ನುಗ್ಗಿದ ಹಾಗೆ. ಕಡ್ಡಿ ತುದಿ ತಾಗಿಸಿ ಸುಮ್ಮನಿರು, ಎಷ್ಟು ಬೇಕೋ ಅಷ್ಟನ್ನ ಅದೇ ಎಳ್ಕೊಳ್ಳುತ್ತೆ." ಈ ಪಾಠ ಅಕ್ಕನ ತಲೆಯಿಂದ ಇಳಿದು ಬೆರಳಿಗೆ ಸೇರಿತು. ಮಾವ ತೀರಿಕೊಂಡ ಮೇಲೂ ಆ ಬೆರಳುಗಳಲ್ಲಿ ಅವರೇ ಕೂತು ಕೆಲಸ ಮಾಡಿಸುತ್ತಿದ್ದರು. ಜೊತೆಗಿದ್ದವಳು ನಾದಿನಿ. ಬಾಯಿ ಜೋರು, ಕೈ ಚುರುಕು. ಪಟ್ಟಿ, ಬ್ಯಾಟರಿ, ಗಾಜು ಹಾಕುವುದೆಲ್ಲ ಅವಳದು. ಕೂದಲೆಳೆಯಂಥ ಸ್ಪ್ರಿಂಗಿನ ಕೆಲಸ ಮಾತ್ರ ಅಕ್ಕನದು, ಅದೂ ಬಲಗಣ್ಣಿನದು. ಭೂತಗಾಜನ್ನು ಆ ಕಣ್ಣಿಗೆ ಸಿಕ್ಕಿಸಿಕೊಂಡು ಕೂತರೆ ಅಕ್ಕನಿಗೆ ಲೋಕವೇ ಮರೆಯುತ್ತಿತ್ತು.

ಅಂಥ ಬಲಗಣ್ಣು ಒಂದು ಬೆಳಿಗ್ಗೆ ತೆರೆಯಲೇ ಇಲ್ಲ. ಹಳದಿ ಪಿಸುರು ಕಟ್ಟಿ ರೆಪ್ಪೆಗಳು ಗೋಂದು ಹಚ್ಚಿದಂತೆ ಅಂಟಿಕೊಂಡಿದ್ದವು. ಬಿಸಿನೀರಿನ ಬಟ್ಟೆಯಿಂದ ಒತ್ತಿ ಬಿಡಿಸಿದರೆ ಒಳಗೆ ಕೆಂಪೋ ಕೆಂಪು.

"ಅತ್ತಿಗೆ, ರಾತ್ರಿಯೆಲ್ಲ ಯಾರ ಮೇಲೆ ಕಣ್ಣು ಕೆಂಪಗೆ ಮಾಡ್ಕೊಂಡಿದ್ರಿ?" ಎಂದು ನಾದಿನಿ ಕೆಣಕಿದಳು.

"ನಿನ್ನ ಮೇಲೇ ಕಣೇ. ಕನಸಲ್ಲೂ ಮಾತು ನಿಲ್ಲಿಸಲ್ಲ ನೀನು."

ಕಣ್ಣಿನ ಡಾಕ್ಟರಮ್ಮನ ಬಾಗಿಲಲ್ಲಿ ಜನವೋ ಜನ. ಅವರು ಕಣ್ಣು ನೋಡಿ, ಸೋಂಕಾಗಿದೆ ಎಂದು ಡ್ರಾಪ್ಸ್ ಬರೆದುಕೊಟ್ಟರು. "ಕೈ ತೊಳೆದು ಹಾಕ್ಕೊಳ್ಳಿ. ವಾಸಿಯಾದ ಹಾಗೆ ಕಂಡ್ರೂ ಹೇಳಿದಷ್ಟು ದಿನ ಬಿಡಬೇಡಿ" ಎಂದರು. ಹೇಗೆ ಹಾಕಬೇಕೆಂದು ತೋರಿಸಲು ಹೊರಟಾಗ ಅಕ್ಕ ನಕ್ಕುಬಿಟ್ಟಳು. ಹನಿ ಹಾಕುವುದನ್ನು ತನಗೆ ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದುಕೊಂಡು, ಚೀಟಿ ಮಡಚಿ ಎದ್ದು ಬಂದಳು.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತಳು. ಕೆಳರೆಪ್ಪೆ ಎಳೆದು, ಬಾಟಲಿಯ ಮೂತಿಯನ್ನು ರೆಪ್ಪೆಯ ಒಳಗಡೆಗೆ ನಾಜೂಕಾಗಿ ತಾಗಿಸಿದಳು. ಔಷಧ ತಾನೇ ಇಳಿದು ಹರಡಿತು. ಒಂದು ಚೂರೂ ಕೆನ್ನೆಗೆ ಜಾರಲಿಲ್ಲ. ನೋಡುತ್ತಿದ್ದ ನಾದಿನಿಯೂ ಮೆಚ್ಚಿದಳು: "ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೆಲಸ ಮಾಡೋದು ಅಂದ್ರೆ ಇದೇ ಬಿಡಿ!"

ಎರಡು ದಿನ ಕಳೆಯುವುದರಲ್ಲಿ ಕೆಂಪು ಇಳಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅಕ್ಕ ಬಾಟಲಿಯ ಮುಚ್ಚಳ ಬಿಗಿದು, ಅಂಗಡಿಯ ಹಳೆಯ ತಿರುಪು ಮೊಳೆಗಳ ಡಬ್ಬಿಯ ಪಕ್ಕ ಇಟ್ಟಳು. ಅವಳು ಯಾವುದನ್ನೂ ಎಸೆದವಳಲ್ಲ. ಮುರಿದ ಮುಳ್ಳು, ಬಿರಿದ ಗಾಜು, ಎಲ್ಲಕ್ಕೂ ಒಂದು ಕಾಲ ಬರುತ್ತದೆ ಎನ್ನುವವಳು.

ಕೆಂಪಿಗೂ ಕಾಲ ಬಂತು. ಸ್ವಲ್ಪ ದಿನಕ್ಕೆ ಅದು ಮರಳಿತು. ಅಕ್ಕ ಅದೇ ಬಾಟಲಿ ತೆಗೆದಳು, ಅದೇ ನಾಜೂಕಿನಿಂದ ತಾಗಿಸಿದಳು. ಈ ಸಲ ಕೆಂಪು ಇಳಿಯುವ ಬದಲು ಎಡಗಣ್ಣಿಗೂ ದಾಟಿತು. ಆಮೇಲೊಂದು ಮಧ್ಯಾಹ್ನ, ಭೂತಗಾಜಿನ ಕೆಳಗಿದ್ದ ಸ್ಪ್ರಿಂಗ್ ಮಂಜಿನೊಳಗೆ ಹೋದಂತೆ ಮಬ್ಬಾಯಿತು. ಮೇಜಿನ ದೀಪ ಸೂಜಿಯ ಹಾಗೆ ಚುಚ್ಚಿತು. ಅಕ್ಕ ಚಿಮಟ ಕೆಳಗಿಟ್ಟಳು. ಬಲಗಣ್ಣು ಹೋದರೆ ತಾನು ಬ್ಯಾಟರಿ ಬದಲಿಸುವವಳೂ ಅಲ್ಲ, ಬಾಗಿಲು ಗುಡಿಸುವವಳು ಎಂಬ ಯೋಚನೆ ಬಂತು. ತಲೆ ಎತ್ತಿದರೆ ನಾದಿನಿಯೂ ಕಣ್ಣುಜ್ಜಿಕೊಳ್ಳುತ್ತಿದ್ದಾಳೆ.

"ಏನೇ ಅದು?"

"ಬೆಳಿಗ್ಗೆಯಿಂದ ಮರಳು ಬಿದ್ದ ಹಾಗೆ ಕರಕರ ಅಂತಿದೆ, ಅತ್ತಿಗೆ."

ಹೆದರಿಕೆಯ ಬೆನ್ನಿಗೇ ಅಕ್ಕನ ಕೆದಕುವ ಬುದ್ಧಿ ಎದ್ದು ಕೂತಿತು. ತೊಳೆದು ಕೂಡಿಸಿದ ಗಡಿಯಾರ ಮತ್ತೆ ಮತ್ತೆ ನಿಂತರೆ ಕಾರಣ ಎರಡೇ. ಒಂದು, ಒಳಗಿನ ಕೊಳೆ ಪೂರ್ತಿ ಹೋಗಿಲ್ಲ. ಇಲ್ಲವೇ ಹೊಸ ಕೊಳೆಯನ್ನು ರಿಪೇರಿಯವನ ಸಾಮಾನೇ ತಂದು ಹಾಕುತ್ತಿದೆ. "ಹಾಗಾದ್ರೆ ನಮ್ಮ ಕಣ್ಣನ್ನ ಏನೇನು ಮುಟ್ಟುತ್ತೆ ಹೇಳು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಂದೊಂದೇ ಚೀಲಕ್ಕೆ ತುಂಬಿದಳು: ಮುಖ ಒರೆಸುವ ಟವೆಲು, ಕರವಸ್ತ್ರ, ಔಷಧದ ಬಾಟಲಿ, ಕೊನೆಗೆ ಇಬ್ಬರೂ ಬದಲಾಯಿಸಿಕೊಂಡು ಕಣ್ಣಿಗೆ ಸಿಕ್ಕಿಸುತ್ತಿದ್ದ ಆ ಒಂದೇ ಭೂತಗಾಜು. ಅಂಗಡಿಗೆ ಬೀಗ ಜಡಿದು ಇಬ್ಬರೂ ಆಗಲೇ ಹೊರಟರು.

ಚೀಲ ಸುರಿದ ಮೇಜನ್ನು ನೋಡಿ ಡಾಕ್ಟರಮ್ಮ ಬೆರಗಾದರು. "ಇದೇನಮ್ಮ, ಸಂತೆ ಹಾಕ್ತೀರಾ ಇಲ್ಲಿ?"

"ಕಳ್ಳ ಇದರಲ್ಲೇ ಇದಾನೆ ಡಾಕ್ಟರಮ್ಮ. ಯಾರು ಅಂತ ನೀವು ಹೇಳಬೇಕು."

ಡಾಕ್ಟರಮ್ಮ ಮೊದಲು ಕಣ್ಣಿಗೆ ಬಣ್ಣದ ಔಷಧ ಹಾಕಿ, ನೀಲಿ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. "ಕರಿಗುಡ್ಡೆಗೆ ಹುಣ್ಣಾಗಿಲ್ಲ, ಪುಣ್ಯ. ಆಗಿದ್ರೆ ಕಲೆ ಉಳಿದು ನೋಟವೇ ಮಸುಕಾಗೋದು. ಬೆಳಕು ಚುಚ್ಚಿದ ಕೂಡಲೇ ಓಡಿ ಬಂದ್ರಲ್ಲ, ಅದೇ ಒಳ್ಳೇದಾಯ್ತು. ಎಲ್ಲಿ, ಡ್ರಾಪ್ಸ್ ಹೇಗೆ ಹಾಕ್ಕೊಂಡ್ರಿ, ಬಾಟಲಿ ತೆರೀದೇ ತೋರಿಸಿ."

ಅಕ್ಕ ಹೆಮ್ಮೆಯಿಂದಲೇ ಬಾಟಲಿ ಎತ್ತಿದಳು. ರೆಪ್ಪೆಗೆ ಇನ್ನೇನು ತಾಗಿಸಬೇಕು, ಡಾಕ್ಟರಮ್ಮ ಕೈ ಹಿಡಿದರು. "ನಿಲ್ಲಿ ನಿಲ್ಲಿ! ಮುಟ್ಟಿಸ್ತೀರಾ?"

"ಮುಟ್ಟಿಸದೆ? ಹನಿ ಪೋಲಾಗಲ್ವಾ?"

ಡಾಕ್ಟರಮ್ಮ ಮುಚ್ಚಳ ತೆಗೆದು, ಮೂತಿಯ ಸುತ್ತ ಒಣಗಿ ಕೂತಿದ್ದ ಹಳದಿ ಪೊರೆಯನ್ನು ತೋರಿಸಿದರು. ಅಕ್ಕ ಅಭ್ಯಾಸಬಲದಿಂದ ಭೂತಗಾಜಿಗೆ ಕೈ ಹಾಕಿ, ಕೈ ಸುಟ್ಟುಕೊಂಡವಳಂತೆ ಹಿಂದೆಗೆದಳು. ಗಾಜಿಲ್ಲದೆಯೂ ಕಾಣುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ರೋಗ ಕಣ್ಣಿಂದ ಬಾಟಲಿಗೆ ಹತ್ತುತ್ತೆ, ಬಾಟಲಿಯಿಂದ ಮತ್ತೆ ಕಣ್ಣಿಗೆ ಇಳಿಯುತ್ತೆ. ಮೂತಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಲೇಬಾರದು. ಜೊತೆಗೆ ಅರ್ಧಕ್ಕೇ ಬಿಟ್ರಿ. ಸಾಯದೆ ಉಳಿದ ರೋಗಾಣು ಸುಮ್ಮನಿರುತ್ತಾ?"

"ಅಂದ್ರೆ ಎರಡು ಕಾರಣದಲ್ಲಿ ಯಾವುದೋ ಒಂದು ಅಂದ್ಕೊಂಡಿದ್ದೆ. ಎರಡೂ ನಿಜ!" ಅಕ್ಕನ ಮುಖದಲ್ಲಿ ಬೇಸರಕ್ಕಿಂತ ಸಿಕ್ಕುಬಿಡಿಸಿದ ಖುಷಿಯೇ ಹೆಚ್ಚಿತ್ತು. "ಮತ್ತೆ ಈ ಭೂತಗಾಜು?"

"ಅದೂ ಕಳ್ಳನ ನೆಂಟನೇ. ವಾಸಿಯಾಗೋವರೆಗೂ ಕಣ್ಣಿಗೆ ಸಿಕ್ಕಿಸಲೇಬೇಡಿ. ಆಮೇಲೆ ತೊಳೆದು ಬಳಸಿ, ಇಬ್ಬರಿಗೂ ಬೇರೆ ಬೇರೆ ಇರಲಿ. ಟವೆಲೂ ಅಷ್ಟೇ, ಬಾಟಲಿಯೂ ಅಷ್ಟೇ."

ಹಳೆಯ ಬಾಟಲಿ ಡಾಕ್ಟರಮ್ಮನ ಬಳಿಯೇ ಉಳಿಯಿತು, ಇಬ್ಬರಿಗೂ ಒಂದೊಂದು ಹೊಸ ಬಾಟಲಿ ಬಂತು. ಕಷ್ಟ ಶುರುವಾದದ್ದು ಅಲ್ಲಿಂದಲೇ. ತಲೆಗೆ ಅರ್ಥವಾದದ್ದು ಬೆರಳಿಗೆ ಆಗಬೇಕಲ್ಲ? ಸೋಪು ಹಚ್ಚಿ ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿದರೆ ಸಾಕು, ಅಕ್ಕನ ಕೈ ತಾನಾಗಿಯೇ ರೆಪ್ಪೆಯತ್ತ ಇಳಿಯುತ್ತಿತ್ತು. ಮಾವ ಬೆರಳೊಳಗೆ ಕೂತು, ತಾಗಿಸು ಮಗಳೇ, ತಾಗಿಸು ಅನ್ನುತ್ತಿದ್ದರು.

"ಅತ್ತಿಗೆ, ಕೈ ಮೇಲೆ! ಮೇಲೆ! ಅಪ್ಪನ್ನ ಸ್ವಲ್ಪ ಹೊತ್ತು ಹೊರಗೆ ಕೂರಿಸಿ!" ನಾದಿನಿ ಕೂಗಿ, ಕೊನೆಗೆ ತಾನೇ ಕೈ ತೊಳೆದುಕೊಂಡು ಬಂದಳು. ಅಕ್ಕ ಬೆಂಚಿನ ಮೇಲೆ ಅಂಗಾತ ಮಲಗಿದಳು. ನಾದಿನಿ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದಾಗ ಅಲ್ಲೊಂದು ಪುಟ್ಟ ಚೀಲದಂತಾಯಿತು. ಮೇಲಿನಿಂದ ಹನಿ ಬೀಳುವುದು ಕಂಡದ್ದೇ ಅಕ್ಕ ಗಪ್ಪನೆ ಕಣ್ಣು ಮುಚ್ಚಿಕೊಂಡಳು. ಔಷಧ ಕಿವಿಗೆ ಹೋಯಿತು.

"ಕಿವಿ ಚೆನ್ನಾಗೇ ಇದೆಯಲ್ಲ ಅತ್ತಿಗೆ, ಅದಕ್ಕ್ಯಾಕೆ ಔಷಧ?"

"ನಗಬೇಡ ಕಣೇ, ಕೈ ಅಲ್ಲಾಡುತ್ತೆ! ಬಾಟಲಿ ನೋಡಿದ್ರೆ ಕಣ್ಣು ಮುಚ್ಚುತ್ತೆ. ತಾಳು, ನಾನು ಆ ಲೋಲಕ ನೋಡ್ತೀನಿ."

ತಲೆಯ ಹಿಂದೆ ಎತ್ತರದಲ್ಲಿ ಗೋಡೆ ಗಡಿಯಾರ ತೂಗುತ್ತಿತ್ತು. ಅಕ್ಕ ಕಣ್ಣುಗಳನ್ನು ಅತ್ತ ಮೇಲಕ್ಕೆತ್ತಿದಳು. ಲೋಲಕ ಎಡಕ್ಕೆ ಹೋಗಿ ಬಲಕ್ಕೆ ಬರುವಷ್ಟರಲ್ಲಿ ತಣ್ಣನೆಯ ಹನಿ ರೆಪ್ಪೆಯ ಚೀಲಕ್ಕೆ ಬಿತ್ತು. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಒಂದು ನಿಮಿಷ ಮಲಗಿದಳು. ಹೀಗೆ ಒತ್ತಿದರೆ ಔಷಧ ಗಂಟಲಿಗೆ ಜಾರದೆ ಕಣ್ಣಲ್ಲೇ ನಿಲ್ಲುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಗಂಟಲು ಕಹಿಯಾಗಲಿಲ್ಲ ಎಂಬುದನ್ನೂ ಅಕ್ಕ ಪರೀಕ್ಷಿಸಿ ನೋಡಿಕೊಂಡಳು.

ಕೆಂಪು ಈ ಸಲವೂ ಬೇಗ ಇಳಿಯಿತು. ಕೈ ಭೂತಗಾಜಿಗಾಗಿ ಚಡಪಡಿಸಿತು. ಆದರೂ ಹೇಳಿದ ಕೊನೆಯ ದಿನದವರೆಗೆ ಹನಿ ತಪ್ಪಿಸಲಿಲ್ಲ, ಗಾಜು ಮುಟ್ಟಲಿಲ್ಲ. ಡಾಕ್ಟರಮ್ಮ ಇಬ್ಬರ ಕಣ್ಣಿಗೂ ಮತ್ತೊಮ್ಮೆ ನೀಲಿ ದೀಪ ಬಿಟ್ಟು ನೋಡಿ, ಸರಿಯಾಯಿತು ಎಂದ ಮೇಲೆಯೇ ಅಂಗಡಿಗೆ ಬಂದು, ತೊಳೆದಿಟ್ಟ ಗಾಜನ್ನು ಬಲಗಣ್ಣಿಗೆ ಸಿಕ್ಕಿಸಿದಳು. ಸ್ಪ್ರಿಂಗಿನ ಒಂದೊಂದು ಸುತ್ತೂ ಬಿಡಿಬಿಡಿಯಾಗಿ ಕಂಡಿತು. ಪಕ್ಕದಲ್ಲಿ ನಾದಿನಿ ತನ್ನದೇ ಹೊಸ ಗಾಜು ಸಿಕ್ಕಿಸಿಕೊಂಡು ಮೊದಲ ಸಲ ಒಂದು ಸ್ಪ್ರಿಂಗನ್ನು ಇಣುಕುತ್ತಿದ್ದಳು.

ಆಗಲೇ ಕ್ಷೌರದವನು ಒಂದು ಕಣ್ಣು ಮುಚ್ಚಿಕೊಂಡು ಬಾಗಿಲಲ್ಲಿ ನಿಂತ. "ಅಕ್ಕಾ, ನನಗೂ ನಿಮ್ಮ ಥರಾನೇ ಆಗಿದೆ. ಆ ಡ್ರಾಪ್ಸ್ ಏನಾದ್ರೂ ಉಳಿದಿದ್ರೆ ಕೊಡಿ. ನೀವು ಎಸೆಯೋರಲ್ಲ, ಗೊತ್ತು."

ಅಕ್ಕ ತಿರುಪು ಮೊಳೆಗಳ ಡಬ್ಬಿಯ ಪಕ್ಕದಿಂದ ತನ್ನ ಹೊಸ ಬಾಟಲಿ ತೆಗೆದಳು. ಅರ್ಧ ತುಂಬಿತ್ತು. ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿದಳು. ಆಮೇಲೆ ಕಸದ ಬುಟ್ಟಿಗೆ ಹಾಕಿದಳು.

ನಾದಿನಿಯ ಗಾಜು ಕಣ್ಣಿಂದ ಜಾರಿ ಮೇಜಿನ ಮೇಲೆ ಉರುಳಿತು. "ಅತ್ತಿಗೆ ಎಸೆದ್ರು! ಅಣ್ಣ, ನೀವೇ ಸಾಕ್ಷಿ!"

"ನನ್ನ ಕಣ್ಣಿನ ಔಷಧ ನಿಮ್ಮ ಕಣ್ಣಿಗಲ್ಲಣ್ಣ. ಡಾಕ್ಟರಮ್ಮನ ಹತ್ರ ಹೋಗಿ" ಎಂದಳು ಅಕ್ಕ. ಅಷ್ಟರಲ್ಲಿ ಅವಳ ದೃಷ್ಟಿ ಅವನ ಹೆಗಲ ಮೇಲಿನ ಟವೆಲಿಗೆ ಬಿತ್ತು. ಗಿರಾಕಿಗಳ ಮುಖ ಒರೆಸಿ ತನ್ನ ಮುಖವನ್ನೂ ಒರೆಸಿಕೊಳ್ಳುವ ಟವೆಲು. ಅಕ್ಕ ಗಾಜು ಕೆಳಗಿಟ್ಟು ಸ್ಟೂಲು ಮುಂದಕ್ಕೆ ಎಳೆದುಕೊಂಡಳು.

"ಹೋಗೋಕೆ ಮುಂಚೆ ಒಂದು ಹೇಳಿ. ಬೆಳಿಗ್ಗೆಯಿಂದ ನಿಮ್ಮ ಕಣ್ಣನ್ನ ಏನೇನು ಮುಟ್ಟಿದೆ?"