ಕೈಸನ್ನೆಯವರ ಗ್ರೂಪು

ನನ್ನ ಅಣ್ಣನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ರಾಣೆಬೆನ್ನೂರಿನಲ್ಲಿ ಅವನದೊಂದು ಹೊಲಿಗೆ ಅಂಗಡಿಯಿದೆ. ಅಳತೆ, ವಾರ, ಗಿರಾಕಿಯ ಹೆಸರು ಬರೆದುಕೊಳ್ಳುವಷ್ಟು ಕನ್ನಡ ಬರುತ್ತದೆ. ಉದ್ದನೆಯ ವಾಕ್ಯ ಬಂದರೆ ಕಾಗದವನ್ನು ನನ್ನ ಕಡೆ ಸರಿಸುತ್ತಾನೆ. ಮನೆಯಲ್ಲಿ ಅವನ ಕೈಸನ್ನೆಯನ್ನು ಸರಿಯಾಗಿ ಕಲಿತವಳು ನಾನೊಬ್ಬಳೇ. ಹೀಗಾಗಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯ ಕಿವುಡರು ಕೂಡಿ ಸಂಘ ಕಟ್ಟಿಕೊಂಡಾಗ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಸಂಘದ ಅಧ್ಯಕ್ಷರು ಹಾವೇರಿಯ ಒಬ್ಬ ನಿವೃತ್ತ ಮಾಸ್ತರರು. ಅವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಸನ್ನೆ ಬರುವುದಿಲ್ಲ. ಊರಿನವರಿಗೆ ಸಂಘದ ಪರಿಚಯವಾಗಬೇಕೆಂದು ಮೊದಲ ವಾರದಲ್ಲೇ ಫೇಸ್‌ಬುಕ್ ಪುಟ ತೆರೆದರು. ಸದಸ್ಯರಿಗೆ ಸುದ್ದಿ ಮುಟ್ಟಿಸಲು ವಾಟ್ಸಾಪ್ ಗ್ರೂಪನ್ನೂ ಮಾಡಿದರು. ಎರಡರಲ್ಲೂ ಹಾಕಲು ನಾನು ಬರೆದ ಮೊದಲ ಪ್ರಕಟಣೆ, ಈ ಭಾನುವಾರದ ಸಭೆಯನ್ನು ಮುಂದಿನ ಭಾನುವಾರಕ್ಕೆ ಮುಂದೂಡಲಾಗಿದೆ ಎಂಬುದು. ಬಹಳ ಮಂದಿ ಅದರಲ್ಲಿ ಭಾನುವಾರ, ಸಭೆ ಎಂಬ ಎರಡು ಪದ ಗುರುತಿಸಿ, ಅದೇ ಭಾನುವಾರ ಬಸ್ ಹತ್ತಿ ಹಾವೇರಿಗೆ ಹೋಗಿ ಬೀಗ ಹಾಕಿದ ಬಾಗಿಲ ಮುಂದೆ ನಿಂತರು.

ಮರುದಿನ ಅಣ್ಣ ಫೋನನ್ನು ಹೊಲಿಗೆ ಯಂತ್ರಕ್ಕೆ ಆನಿಸಿಟ್ಟು, ಅದರೆದುರು ನಿಂತು ಅದೇ ಸುದ್ದಿಯನ್ನು ಸನ್ನೆಯಲ್ಲಿ ಹೇಳಿ ಗ್ರೂಪಿಗೆ ಹಾಕಿದ. ಊಟದ ಹೊತ್ತಿಗೆ ಉತ್ತರದ ವಿಡಿಯೋಗಳು ಬರತೊಡಗಿದವು. ಒಬ್ಬ ಮೋಟೆಬೆನ್ನೂರಿನ ಹೊಲದಲ್ಲಿ ನಿಂತು, ಇನ್ನೊಬ್ಬ ಗ್ಯಾರೇಜಿನಲ್ಲಿ ಕೈ ಒರೆಸಿಕೊಂಡು ಮಾತಾಡಿದ್ದ. ಬ್ಯಾಡಗಿಯ ಒಬ್ಬ ಹೆಣ್ಣುಮಗಳು, ಹೆಂಗಸರೂ ಸಭೆಗೆ ಬರಬೇಕು, ಗಂಡಸರಷ್ಟೇ ಕೂತರೆ ಹೇಗೆ ಎಂದು ಕೇಳಿದ್ದಳು. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಕಿವುಡರು ತಮ್ಮೊಳಗೆ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿಡುತ್ತಾರೆ. ಅವಳದು ಎರಡು ಬೆರಳಲ್ಲಿ ತೊಟ್ಟು ಮುರಿಯುವ ಸನ್ನೆ.

ನಾನು ಅರ್ಥ ಹೇಳಿದಾಗ ಮಾಸ್ತರರಿಗೆ ಅವಳ ವಿಡಿಯೋ ಬಹಳ ಹಿಡಿಸಿತು. ಇಂಥ ಹೆಣ್ಣುಮಗಳನ್ನು ಊರು ನೋಡಬೇಕು ಎಂದು ಅದನ್ನು ಫೇಸ್‌ಬುಕ್ ಪುಟಕ್ಕೆ ಹಾಕಿದರು. ಎರಡು ದಿನ ಒಳ್ಳೆಯ ಮಾತುಗಳೇ ಬಂದವು. ಆಮೇಲೆ ಯಾರೋ ಅದನ್ನು ತೆಗೆದುಕೊಂಡು, ಹಿಂದೆ ಸಿನಿಮಾ ಹಾಡು ಕೂಡಿಸಿ, ಅವಳು ಹುಬ್ಬು ಏರಿಸುವುದನ್ನೂ ತುಟಿ ಬಿಗಿ ಹಿಡಿಯುವುದನ್ನೂ ಹಾಸ್ಯ ಮಾಡಿ ಹಂಚಿದರು. ಕದರಮಂಡಲಗಿಯಲ್ಲಿದ್ದ ಅವಳ ಗಂಡನ ಕಡೆಯವರ ಫೋನಿಗೂ ಅದು ಬಂತು. ಮಾಸ್ತರರು ಪುಟದಿಂದ ತೆಗೆದುಹಾಕಿದರಾದರೂ ಹಂಚಿಹೋದದ್ದು ವಾಪಸ್ ಬರಲಿಲ್ಲ. ಆಮೇಲೆ ಗ್ರೂಪಿನಲ್ಲಿ ಅವಳಿಂದ ಒಂದು ವಿಡಿಯೋ ಕೂಡ ಬರದೆ ಹೋದಾಗ, ನಾನೂ ಅಣ್ಣನೂ ಬ್ಯಾಡಗಿಗೆ ಹೋದೆವು.

ಗಂಡ ಲಾರಿ ಮೇಲೆ ಹೊರಗೆ ಹೋಗಿದ್ದ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಸೊಸೆಯ ಫೋನು ಅತ್ತೆಯ ಹತ್ತಿರವಿತ್ತು. ಆಕೆ ಸಿಟ್ಟಿನಿಂದೇನೂ ಮಾತಾಡಲಿಲ್ಲ. ಚಹಾ ಕೊಟ್ಟು, ಸೊಸೆ ಸಂಘಕ್ಕೆ ಬರುವುದು ತನಗೆ ಬೇಡವಾಗಿಲ್ಲ, ಮಂದಿ ನಗುವುದನ್ನು ನೋಡಲಾಗುವುದಿಲ್ಲ ಎಂದರು. ಆಮೇಲೆ ನನ್ನನ್ನು ಕೇಳಿದರು:

“ಮಾರಿ ಯಾಕ ತೋರಸ್ಬೇಕ್ರಿ? ಮಾತಾಡೂದು ಕೈಲೇ ಅಲ್ಲೇನ್ರಿ? ಕೈ ಅಷ್ಟ ತೋರಿಸಿದ್ರ ಆತು.”

ಫೋನಿನಲ್ಲಿ ಮಾಸ್ತರರೂ ನನಗೆ ಇದನ್ನೇ ಸೂಚಿಸಿದ್ದರು. ಸೊಸೆ ಏನು ಮಾತು ನಡೆದಿದೆ ಎಂದು ನನ್ನನ್ನು ಕೇಳಿದಳು, ನಾನು ಸನ್ನೆಯಲ್ಲಿ ಹೇಳಿದೆ. ಅವಳು ಎದ್ದು ನಿಂತು, ಸೆರಗನ್ನು ಗದ್ದದವರೆಗೂ ಇಳಿಬಿಟ್ಟುಕೊಂಡು, ಅತ್ತೆಯ ಕಡೆ ತಿರುಗಿ ಸನ್ನೆ ಮಾಡಿದಳು: ನಾಳೆ, ನೀವು, ಹಾವೇರಿ, ಬರುವುದು.

“ಹಾವೇರಿಗೆ ಬಾ ಅನ್ನಾಕತ್ತಾಳ,” ಎಂದರು ಅತ್ತೆ.

ಅವಳು ಸೆರಗು ಸರಿಸಿ ಅದೇ ಸನ್ನೆಯನ್ನು ಹುಬ್ಬೇರಿಸಿ ಮಾಡಿದಳು. ಈಗ ಅದು, ಬರುತ್ತೀರಾ ಎಂಬ ಪ್ರಶ್ನೆ. ಮತ್ತೊಮ್ಮೆ ಮುಖ ಸಿಂಡರಿಸಿ ಮಾಡಿದಳು. ನೀವೂ ಬರುತ್ತೀರಲ್ಲ ಎಂಬ ಬೇಸರ. ಕೈ ಮೂರೂ ಸಲ ಒಂದೇ ರೀತಿ ಆಡಿತ್ತು. ಮೂರನೆಯದಕ್ಕೆ ಅತ್ತೆಗೆ ನಗು ಬಂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಸೊಸೆ ನಗಲಿಲ್ಲ. ಅಣ್ಣನ ಕಡೆ ತಿರುಗಿ ಬೇಗಬೇಗ ಏನೋ ಹೇಳಿದಳು. ಅತ್ತೆ ನನ್ನ ಮುಖ ನೋಡಿದರು.

“ಏನಂದ್ಲು?”

“ನಮ್ಮವರ ಮುಂದ ಮಾತಾಡಿದ್ದೆ, ಊರ ಮುಂದ ಅಲ್ಲ ಅಂತಾಳ್ರಿ. ಹೊರಗ ಹಾಕೂ ಮುಂದ ನನ್ನ ಯಾರೂ ಕೇಳಲಿಲ್ಲ ಅಂತಾಳ.”

“ಅದೂ ಖರೇನ ಐತಿ ಬಿಡ್ರಿ,” ಎಂದರು ಅತ್ತೆ. ಫೋನನ್ನು ಮಾತ್ರ ಅಂದು ಕೊಡಲಿಲ್ಲ.

ಮುಂದಿನ ಸಭೆಯಲ್ಲಿ ಅಣ್ಣ ಈ ವಿಷಯ ಎತ್ತಿದ. ನಾನು ಅವನ ಸನ್ನೆಯನ್ನು ಮಾಸ್ತರರಿಗೆ ಮಾತಿನಲ್ಲಿ, ಅವರ ಮಾತನ್ನು ಉಳಿದವರಿಗೆ ಸನ್ನೆಯಲ್ಲಿ ದಾಟಿಸುತ್ತಾ ಕೂತೆ. ಅಣ್ಣ ಮುಂದಿಟ್ಟದ್ದು, ಉಳಿದ ಸದಸ್ಯರು ಒಪ್ಪಿದ್ದು ಇದು: ಸದಸ್ಯರ ಮಾತು ವಾಟ್ಸಾಪ್ ಗ್ರೂಪಿನೊಳಗೇ ವಿಡಿಯೋದಲ್ಲಿ ನಡೆಯಬೇಕು, ಅದನ್ನು ಯಾರೂ ಹೊರಗೆ ಕಳಿಸಬಾರದು. ಫೇಸ್‌ಬುಕ್ ಪುಟದಲ್ಲಿ ಬರೆದ ಪ್ರಕಟಣೆ, ಒಪ್ಪಿದವರ ಚಿತ್ರ, ಅಷ್ಟೇ ಇರಬೇಕು. ಹಾಗಾದರೆ ಪುಟ ನೋಡುವವರು ಯಾರು ಎಂದು ಮಾಸ್ತರರು ಕೇಳಿದರು. ಅವರಿಗೆ ನೋವಾಗಿತ್ತು; ತಾವು ಒಳ್ಳೆಯದಕ್ಕೆ ಮಾಡಿದ್ದು ಎಂದು ಎರಡು ಸಲ ಹೇಳಿದರು. ಒಳ್ಳೆಯದಕ್ಕೇ ಮಾಡಿದ್ದಿರಿ ಎಂದು ಅಣ್ಣನೂ ಒಪ್ಪಿದ. ತೀರ್ಮಾನ ಮಾತ್ರ ಬದಲಾಗಲಿಲ್ಲ.

ಬ್ಯಾಡಗಿಯವಳ ವಿಡಿಯೋ ಮತ್ತೆ ಬಂದದ್ದು ಕೆಲವು ವಾರಗಳ ಮೇಲೆ. ಅತ್ತೆ ಪಕ್ಕದಲ್ಲೇ ಕೂತಿದ್ದರು, ಅರ್ಧ ಭುಜ ಕಾಣುತ್ತಿತ್ತು. ಆಮೇಲಿನವುಗಳಲ್ಲಿ ಅವಳೊಬ್ಬಳೇ ಇದ್ದಳು. ಈಗ ಹೆಂಗಸರಿಗೆ ಸುದ್ದಿ ಮುಟ್ಟಿಸುವವಳು ಅವಳೇ. ಅವರಿಗಾಗಿ ಬೇರೆಯದೇ ಗ್ರೂಪು ಮಾಡಿಕೊಂಡಿದ್ದಾಳೆ.

ಪುಟಕ್ಕೆ ನಾನು ಈಗಲೂ ಪ್ರಕಟಣೆ ಬರೆದು ಹಾಕುತ್ತೇನೆ, ಸಣ್ಣ ವಾಕ್ಯಗಳಲ್ಲಿ. ನೋಡುವವರು ಕಡಿಮೆ. ಗ್ರೂಪಿನಲ್ಲಿ ದಿನವಿಡೀ ವಿಡಿಯೋ ಬರುತ್ತವೆ, ಜಗಳವೂ ಆಗುತ್ತದೆ. ತಮ್ಮತಮ್ಮೊಳಗೆ ಮಾತಾಡುವಾಗ ಅವರ ಕೈ ಎಷ್ಟು ಬೇಗ ಓಡುತ್ತದೆಂದರೆ, ಮನೆಯಲ್ಲಿ ಅಣ್ಣ ನನಗೋಸ್ಕರ ನಿಧಾನ ಮಾಡುತ್ತಿದ್ದ ಎಂದು ಇಷ್ಟು ವರ್ಷಗಳ ಮೇಲೆ ತಿಳಿಯಿತು. ಏನು ನಡೆದಿದೆ ಎಂದು ಮಾಸ್ತರರು ಆಗಾಗ ಫೋನು ಮಾಡಿ ಕೇಳುತ್ತಾರೆ. ನನಗೆ ತಿಳಿದಷ್ಟನ್ನು ಹೇಳುತ್ತೇನೆ.