ಪಂಚರು ಬಾಯಿ ಕಟ್ಟಿದ ಸಂಜೆ

ನಿಮಗೆ ಹೀಗಾಗಿದೆಯೇ, ಹೇಳಿ. ಎಲ್ಲೋ ದೂರದ ದೇಶದಲ್ಲಿ ಕುಳಿತವರು ಹಾಕಿದ ಒಂದು ನಿಯಮದಿಂದ ನಿಮ್ಮ ಮನೆಯ ಮದುವೆ ಮಾತುಕತೆ ಅರ್ಧಕ್ಕೆ ಎದ್ದು ಹೋಗಿದೆಯೇ? ನಮ್ಮ ಕಡೆ ಹೋಗಿತ್ತು.

ನಾನು ಗೋಕಾಕದಲ್ಲಿ ವಕೀಲ. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಇವೇ ನನ್ನ ಅನ್ನ. ಒಂದೇ ಒಂದು ಸಲ ನನ್ನ ಆಫೀಸಿನ ಒಳಕೋಣೆಗೆ ಸಿಂಗಾಪುರ ಬಂದಿತ್ತು.

ಮೂಡಲಗಿ ಕಡೆಯ ಒಂದು ಕಂಪನಿ ಕೊಲ್ಲಿ ದೇಶದ ವ್ಯಾಪಾರಿಗೆ ಬೆಲ್ಲ ಕಳಿಸಿತ್ತು. ಬೆಲ್ಲ ಎಂದಿಟ್ಟುಕೊಳ್ಳಿ. ನಿಜವಾದ ಸರಕು ಯಾವುದೆಂದು ಹೇಳುವ ಹಾಗಿಲ್ಲ. ಈ ಥರದ ವ್ಯಾಜ್ಯದಲ್ಲಿ ಎಲ್ಲವೂ ಗುಟ್ಟು. ಸರಕು ಕರಗಿ ನೀರಾಗಿ ಬಂತು ಎಂದು ಅವರು, ಇಲ್ಲಿಂದ ಗಟ್ಟಿಯಾಗಿಯೇ ಹೊರಟಿತ್ತು ಎಂದು ಇವರು. ಎರಡು ದೇಶದವರ ನಡುವಿನ ಇಂಥ ಜಗಳ ಹೆಚ್ಚಾಗಿ ಯಾವ ದೇಶದ ಕೋರ್ಟಿಗೂ ಹೋಗುವುದಿಲ್ಲ. ಇಬ್ಬರೂ ಒಪ್ಪಿದ ಮೂವರು ಪಂಚರ ಮುಂದೆ ಹೋಗುತ್ತದೆ. ನಮ್ಮೂರ ಕಟ್ಟೆಯ ಪಂಚಾಯಿತಿಯೇ, ಕಟ್ಟೆ ಮಾತ್ರ ಸಿಂಗಾಪುರದಲ್ಲಿ. ವ್ಯಾಪಾರಿಯ ಪರವಾಗಿ ಲಂಡನ್ನಿನಿಂದ ಒಬ್ಬ ಬ್ಯಾರಿಸ್ಟರ್ ಅಲ್ಲಿಗೆ ಬಂದಿದ್ದರು. ಕನ್ನಡಕ ಹಾಕಿದ, ದನಿ ಏರಿಸದ ಹೆಂಗಸು.

ಕಂಪನಿಯ ಸಾಕ್ಷಿ ಮಮದಾಪುರದವರು. ಕಂಟೇನರಿಗೆ ಸರಕು ಹೇರುವಾಗ ಮುಂದೆ ನಿಂತು ನೋಡಿಕೊಂಡವರು. ಅವರು ನನ್ನ ಆಫೀಸಿನ ಕ್ಯಾಮೆರಾ ಮುಂದೆ ಕುಳಿತು ಉತ್ತರ ಕೊಡಬೇಕು. ಸಿಂಗಾಪುರದ ಕಡೆ ಒಬ್ಬರು ದುಭಾಷಿ. ಕೋಣೆಯಲ್ಲಿ ಕಂಪನಿಯ ಇಲ್ಲಿಯ ವಕೀಲನಾಗಿ ನಾನು, ಗೋಡೆಗೆ ಒರಗಿ, ಮೂಕನ ಹಾಗೆ; ಸಾಕ್ಷಿಗೆ ಸನ್ನೆಯನ್ನೂ ಮಾಡಕೂಡದು.

ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ; ಮೊದಲ ದಿನ ನಮ್ಮ ಮಧ್ಯಾಹ್ನಕ್ಕೇ ಅಲ್ಲಿಯ ಕೆಲಸದ ಹೊತ್ತು ಮುಗಿಯಿತು. ಪ್ರಶ್ನೆಗಳು ಉಳಿದಿದ್ದವು. ಏಳುವ ಮುಂಚೆ ಮುಖ್ಯ ಪಂಚರು ಸಾಕ್ಷಿಗೆ ಎಚ್ಚರಿಕೆ ಕೊಟ್ಟರು: ನಾಳೆ ಮುಗಿಯುವ ತನಕ ಈ ವಿಷಯ ಯಾರ ಜೊತೆಗೂ ಮಾತಾಡಕೂಡದು, ವಕೀಲರ ಜೊತೆಗೂ. ಅವರು ತಲೆಯಾಡಿಸಿ, ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದರು.

ಆ ಸಂಜೆಯೇ ಅವರ ಮನೆಯಲ್ಲಿ ಮಗಳ ಮಾತುಕತೆ. ಹುಡುಗಿ ಗೋಕಾಕದಲ್ಲಿ ನರ್ಸ್. ಬಂದ ಸಂಬಂಧಗಳನ್ನೆಲ್ಲ ಬೇಡ ಎಂದವಳು ಹುಕ್ಕೇರಿಯ ಈ ಹುಡುಗನಿಗೆ ಹೂಂ ಅಂದಿದ್ದಳು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ. ಸಂಬಂಧ ಗಟ್ಟಿಯಾಯಿತೆಂದು ಸಕ್ಕರೆ ಬಾಯಿಗೆ ಹಾಕುವ ಮುಂಚೆ ಗಂಡಿನ ಕಡೆಯ ಹಿರಿಯರು ಏನನ್ನಾದರೂ ಕೇಳಬಹುದು: ಹೊಲ, ರೋಗ, ದಾವೆ. ಹೆಣ್ಣಿನ ತಂದೆ ಕೂಡಿದ ಮಂದಿಯ ಮುಂದೆಯೇ ಉತ್ತರ ಕೊಡಬೇಕು. ಉತ್ತರವಿಲ್ಲದ ಪ್ರಶ್ನೆ ಉಳಿದರೆ ಸಕ್ಕರೆಯಿಲ್ಲ.

ಊರಲ್ಲಿ ಆಗಲೇ ಸುದ್ದಿ ಹಬ್ಬಿತ್ತು, ಇವರು ಪರದೇಶದ ಕೋರ್ಟಿಗೆ ಸಿಕ್ಕಿಬಿದ್ದಿದ್ದಾರೆ ಅಂತ. ಹುಡುಗನ ಕಾಕಾ ಅದನ್ನೇ ಕೇಳಿದರು.

"ಅದನ್ನ ಕೇಳಬ್ಯಾಡ್ರಿ" ಅಂದರಂತೆ ಇವರು.

"ಕೇಳಬ್ಯಾಡ್ರಿ ಅಂದ್ರ ನಾವು ಏನ್ ತಿಳೀಬೇಕ್ರಿ? ಹೊಲ ಅಡವಿಟ್ಟೀರೇನು?"

ಇವರು ನೆಲ ನೋಡುತ್ತ ಕುಳಿತರು. ಕಾಕಾ ಇನ್ನೊಮ್ಮೆ ಕೇಳಿ, ಚಹಾದ ಕಪ್ಪು ಕೆಳಗಿಟ್ಟು ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು. ಸಕ್ಕರೆಯ ತಟ್ಟೆ ಒಳಗೆ ಹೋಯಿತು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮರುದಿನ ಬೆಳಿಗ್ಗೆ ಅವರು ಬಂದಾಗ ಮುಖ ಇಳಿದಿತ್ತು. ಕೇಳುವ ಹಾಗಿಲ್ಲ. ಚಹಾ ಆಯಿತೇ ಎಂದೆ, ಹೂಂ ಎಂದರು. ಬಿಪಿ ಏರಿರಬೇಕು ಎಂದುಕೊಂಡೆ.

ಬ್ಯಾರಿಸ್ಟರಿನ ಮೊದಲ ಪ್ರಶ್ನೆ ರೂಢಿಯದು. ನಿನ್ನೆಯಿಂದ ಈ ವಿಷಯ ಯಾರ ಜೊತೆಗಾದರೂ ಮಾತಾಡಿದ್ದೀರಾ?

"ಇಲ್ರಿ. ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಅದಕ್ಕ ನನ್ನ ಮಗಳ ಸಂಬಂಧ ಎದ್ದ ಹೋತು."

ದುಭಾಷಿ ಅದನ್ನು ಇಂಗ್ಲಿಷಿಗೆ ಇಳಿಸಿದರು. ಬ್ಯಾರಿಸ್ಟರ್ ಕನ್ನಡಕ ತೆಗೆದರು. ಮುಖ್ಯ ಪಂಚರು ವಿವರ ಕೇಳಿಕೊಂಡು, ನಿಧಾನವಾಗಿ ಹೇಳಿದರು: ಮಾತಾಡಬಾರದು ಎಂದದ್ದು ನಿಮ್ಮ ಸಾಕ್ಷ್ಯದ ಬಗ್ಗೆ ಮಾತ್ರ. ಹಾಗೊಂದು ಅಪ್ಪಣೆ ಇದೆ ಎಂದು ಅತಿಥಿಗಳಿಗೆ ಹೇಳಬಹುದಾಗಿತ್ತು. ನಮ್ಮ ಸಾಕ್ಷಿ ಅಪ್ಪಣೆ ಇದೆ ಎಂಬುದನ್ನೂ ನುಂಗಿಕೊಂಡಿದ್ದರು. ಆಗ ಅವರು ಹೌದೇ ಎಂಬಂತೆ ನನ್ನತ್ತ ತಿರುಗಿದರು. ನಾನು ತಲೆ ಅಲ್ಲಾಡಿಸುವ ಹಾಗೂ ಇರಲಿಲ್ಲ.

ಬ್ಯಾರಿಸ್ಟರ್, ಕೇಳಿ ಬೇಸರವಾಯಿತು ಅಂದರು. ಕನ್ನಡಕ ಹಾಕಿಕೊಂಡರು. ತೇವ ತಡೆಯಲು ಕಂಟೇನರ್ ಬಾಗಿಲಿಗೆ ಹಚ್ಚಿದ ರಬ್ಬರಿನ ಬಗ್ಗೆ ಶುರುಮಾಡಿದರು. ಮನಸ್ಸು ಕರಗಿ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಅವರು ಕೆಲಸ ಬಲ್ಲವರಲ್ಲ ಎಂದೇ ನಾನು ಹೇಳುತ್ತಿದ್ದೆ.

ಸಾಕ್ಷ್ಯ ಮುಗಿದದ್ದೇ ಇವರು ಮೆಟ್ಟಿಲ ಮೇಲೆ ನಿಂತು ಹುಕ್ಕೇರಿಗೆ ಫೋನ್ ಹಚ್ಚಿದರು. ಕಾಕಾ ಫೋನಿನಲ್ಲಿ ಮಾತು ಬೇಡವೆಂದರು. ಮಂದಿ ಕೂಡಿ ಎದ್ದದ್ದನ್ನು ಮಂದಿ ಕೂಡಿಯೇ ಕೂಡಿಸಬೇಕಂತೆ. ನಾನೇ ಕಾರು ತೆಗೆದೆ. ದಾರಿಯುದ್ದಕ್ಕೂ ಅವರು ಹೇಳಬೇಕಾದ ಮಾತನ್ನು ಬಾಯೊಳಗೇ ಹೊಂದಿಸುತ್ತಿದ್ದರು.

ಹುಕ್ಕೇರಿಯ ಆ ಪಡಸಾಲೆಯಲ್ಲಿ ಅವರು ಹೇಳಿದ್ದು ಇಷ್ಟೇ: "ನಾ ಬರೇ ಸಾಕ್ಷಿ ಅದೀನ್ರಿ. ದಾವೆ ನನ್ನ ಮ್ಯಾಲಿಲ್ಲ, ನನ್ನ ಹೊಲದ ಮ್ಯಾಲಿಲ್ಲ. ನಿನ್ನಿ ಮಾತಾಡಬ್ಯಾಡ ಅಂದಿದ್ರು."

"ಇಷ್ಟ ಹೇಳಾಕ ಸಿಂಗಾಪುರದ ಅಪ್ಪಣಿ ಬೇಕಾತೇನು?" ಕಾಕಾ ನನ್ನ ಕಡೆ ತಿರುಗಿ, ಗೆಲ್ಲುವವರು ಯಾರು ಎಂದು ಕೇಳಿದರು. ಹೇಳುವ ಹಾಗಿಲ್ಲ ಎಂದೆ.

"ವಕೀಲ್ರ, ನಿಮಗೂ ಹತ್ತೇತೇನು ಈ ರೋಗ?"

ಎಲ್ಲರೂ ನಕ್ಕರು. ಇವರು ನಗಲಿಲ್ಲ. ಸಕ್ಕರೆ ಇನ್ನೂ ಬಂದಿರಲಿಲ್ಲ. ಕಾಕಾ ಮೀಸೆ ಒರೆಸಿಕೊಂಡು ಕೇಳಿದರು, "ನಾಳೆ ಬೀಗರಾದ ಮ್ಯಾಲ ನಮ್ಮ ಮನಿ ಮಾತೂ ನಿಮ್ಮ ಹೊಟ್ಟ್ಯಾಗ ಹಿಂಗ ಉಳೀತಾವೇನು?"

"ನಿನ್ನಿ ನೋಡೀರಲ್ಲರಿ."

ಕಾಕಾ ಒಳಗೆ ಕೂಗಿ ಸಕ್ಕರೆ ತರಿಸಿದರು. ಹೆಣ್ಣಿನ ಮನೆಯಲ್ಲಿ ಆಗಬೇಕಾದದ್ದು ಗಂಡಿನ ಮನೆಯಲ್ಲಿ ಆಯಿತು ಎಂದು ಯಾರೋ ಮುದುಕಿ ಗೊಣಗಿದರು, ಆದರೂ ಸಕ್ಕರೆಗೆ ಬಾಯಿ ತೆರೆದರು. ಇವರು ಮಗಳಿಗೆ ಫೋನ್ ಮಾಡಿದರು. ಅವಳು ಡ್ಯೂಟಿಯಲ್ಲಿದ್ದಳು. ಹೂಂ ಅಂದು ಇಟ್ಟಳು.

ಪಂಚರ ತೀರ್ಪು ಎಷ್ಟೋ ತಿಂಗಳ ಮೇಲೆ ಬಂತು. ಕಾಕಾ ಸಂತೆಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾರೆ. ಇವತ್ತಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಹೇಳಬಹುದಾದ್ದನ್ನೂ ಹೇಳದೆ ನುಂಗಿಕೊಂಡು ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟಿದ್ದರೆ, ಕೆಟ್ಟು ಸರಿಯಾಗಿದ್ದರೆ, ಕೆಳಗೆ ಬರೆಯಿರಿ. ಯಾರ ಹೆಸರೂ ಬೇಡ. ನಡೆದದ್ದಷ್ಟೇ ಸಾಕು.